ಜಗಲಿ ಮೂಲೆಯ ಎರಡು ಕಡ್ಡಿ

"ರೀ... ಅಲ್ಲಿ ನಿಂತು ಎಷ್ಟು ಕೂಗಿದ್ರೂ ಪ್ರಯೋಜನ ಇಲ್ಲ!"

ತಲೆಯ ಮೇಲಿಂದ ಬಂದ ದನಿಗೆ ಚಲಪತಿ ಬೆಚ್ಚಿಬಿದ್ದ. ಮಾಳಿಗೆಯ ಅಂಚಿನಲ್ಲಿ ಒಣಗಿದ ಬಟ್ಟೆಗಳನ್ನು ಎದೆಗವಚಿಕೊಂಡು ಒಬ್ಬ ಹುಡುಗಿ ನಿಂತಿದ್ದಳು. ಪಾಪ, ಅವನು ಆಗಿನಿಂದ ಮೊಬೈಲನ್ನು ಆಕಾಶಕ್ಕೆ ತೋರಿಸುತ್ತಾ, ಹಲೋ ಹಲೋ ಎನ್ನುತ್ತಾ ಅಂಗಳವನ್ನೆಲ್ಲ ಸುತ್ತುತ್ತಿದ್ದ.

"ನಮ್ಮನೆ ಒಳಗೆ ಟವರ್ ಬರಲ್ಲ. ಅಂಗಳದಲ್ಲೂ ಬರಲ್ಲ. ಜಗಲಿ ಮೂಲೇಲಿ ಕಂಬ ಇದೆ ನೋಡಿ, ಅದಕ್ಕೆ ಒರಗಿ ನಿಂತ್ಕೊಳ್ಳಿ. ಎರಡು ಕಡ್ಡಿ ಬರುತ್ತೆ."

ಅವನು ಹೋಗಿ ಒರಗಿದ. ನಿಜ, ಎರಡು ಕಡ್ಡಿ! ಮರುಕ್ಷಣವೇ ಫೋನ್ ರಿಂಗಾಯಿತು.

"ಹೂಂ ಅಮ್ಮಾ, ಸುಗಟೂರಿಗೆ ಬಂದ್ವಿ. ಮಾವ ಒಳಗಿದ್ದಾರೆ. ಇಲ್ಲ, ಹುಡುಗೀನ ಇನ್ನೂ ನೋಡಿಲ್ಲ..." ಅವನು ಮೆಲ್ಲಗೆ ತಲೆಯೆತ್ತಿದ. "...ನೋಡಿದೆ ಅನ್ಸುತ್ತಮ್ಮಾ."

ಅಯ್ಯೋ ದೇವರೇ! ಗಂಡಿನ ಕಡೆಯವರು ಮಧ್ಯಾಹ್ನದ ಬಸ್ಸಿಗಲ್ಲವಾ ಬರಬೇಕಿದ್ದದ್ದು? ಶ್ರೀವಾಣಿಯ ಕೆನ್ನೆ ಕೆಂಪಾಯಿತು. ಬಟ್ಟೆಗಳನ್ನು ಅಲ್ಲೇ ಚೆಲ್ಲಿ ಏಣಿಯ ಕಡೆಗೆ ಓಡಿದಳು.

ಅವಳು ತಲೆ ತಗ್ಗಿಸಿಕೊಂಡೇ ಕಾಫಿ ತಂದುಕೊಟ್ಟಳು. ಅವನು ಲೋಟ ತೆಗೆದುಕೊಳ್ಳುತ್ತಾ, "ಥ್ಯಾಂಕ್ಸ್. ಟವರಿಗೂ ಸೇರಿಸಿ" ಎಂದ. ಅವಳಿಗೆ ನಗು ತಡೆಯಲಾಗಲಿಲ್ಲ. ಒಪ್ಪಿಗೆ ಅಲ್ಲೇ ಆಗಿಹೋಯಿತೆಂದು ಬೇರೆ ಹೇಳಬೇಕೇ?

* * *

ನಿಶ್ಚಿತಾರ್ಥದ ದಿನ ಚಲಪತಿಯ ತಾಯಿ ತುಳಸಮ್ಮ ತಾಂಬೂಲದ ಜೊತೆಗೆ ಹೊಸ ಮೊಬೈಲ್ ಫೋನೊಂದನ್ನು ಶ್ರೀವಾಣಿಯ ಮಡಿಲಿಗಿಟ್ಟರು. ಎರಡು ಸಾವಿರದ ಆರನೇ ಇಸವಿ. ಆ ಬೀದಿಯಲ್ಲಿ ಹೆಣ್ಣುಮಗಳೊಬ್ಬಳ ಕೈಗೆ ಬಂದ ಮೊದಲ ಫೋನು ಅದು.

"ಅವನ ಜೊತೆ ಮಾತಾಡ್ತೀಯೋ ಬಿಡ್ತೀಯೋ, ನನ್ನ ಜೊತೆ ಮಾತ್ರ ದಿನಾ ಮಾತಾಡ್ಬೇಕು ಕಣೇ" ಎಂದರು.

ಆದರೆ ಆ ಮನೆ ಇತ್ತಲ್ಲ, ಅದು ಕಲ್ಲಿನ ಮನೆ. ಗೋಡೆ ಕಲ್ಲು, ತಲೆಯ ಮೇಲಿನ ಚಪ್ಪಡಿಯೂ ಕಲ್ಲು. ಬೇಸಿಗೆಯಲ್ಲೂ ತಣ್ಣಗಿರುತ್ತೆಂದು ರೇಷ್ಮೆ ಹುಳ ಸಾಕಲು ಶ್ರೀವಾಣಿಯ ತಾತ ಕಟ್ಟಿಸಿದ್ದು. ಅಂಥ ಮನೆಯೊಳಗೆ ಕೋಲಾರದ ಟವರು ನುಸುಳುವುದಾದರೂ ಹೇಗೆ?

ಕೆಳಗೆ ಸಿಗ್ನಲ್ ಸಿಗುತ್ತಿದ್ದದ್ದು ಜಗಲಿಯ ಆ ಮೂಲೆಯಲ್ಲಿ ಮಾತ್ರ. ಆ ಮೂಲೆಯೋ, ಅಪ್ಪ ಮುನಿಯಲ್ಲಪ್ಪ ಬೆಳಗು ಬೈಗು ಕೂರುವ ಜಾಗ! ಪಕ್ಕದಲ್ಲಿ ಅವರಿವರು. ಎದುರುಮನೆ ಆಂಜಿನಮ್ಮನಂತೂ ಫೋನ್ ರಿಂಗಾದ ಕೂಡಲೇ ಸೊಪ್ಪು ಬಿಡಿಸುವ ನೆಪದಲ್ಲಿ ಮೊರ ಹಿಡಿದು ಹಾಜರು.

"ಏಮ್ಮಾ, ಪೆಳ್ಳಿಕೊಡುಕಾ?" ಮದುಮಗನಾ ಎಂದು ತೆಲುಗಿನಲ್ಲಿ ಕೇಳಿ ಕಣ್ಣು ಮಿಟುಕಿಸುವಳು.

ಹೀಗಿರುವಾಗ ಹುಡುಗಿ ಏನು ತಾನೇ ಮಾತಾಡಿಯಾಳು?

"ಊಟ ಆಯ್ತಾ?"

"ಹೂಂ."

"ನನ್ನ ನೆನಪಾಯ್ತಾ?"

"...ಆಯ್ತು, ಸರಿ."

ಮೊದಮೊದಲು ಅವನು ನಗುತ್ತಿದ್ದ. ಆಮೇಲಾಮೇಲೆ ಆ ನಗು ಕಡಿಮೆಯಾಯಿತು. ಮುಳಬಾಗಿಲಿನ ಬಸ್‌ಸ್ಟ್ಯಾಂಡಿನ ಹತ್ತಿರ ಅವನದೊಂದು ಜೆರಾಕ್ಸ್ ಅಂಗಡಿ. ಗಿರಾಕಿಗಳ ನಡುವೆ ನಿಂತೇ ಅವನು ಮನಸ್ಸಿನಲ್ಲಿದ್ದದ್ದನ್ನೆಲ್ಲ ಹೇಳಿಬಿಡುತ್ತಿದ್ದ. ಇವಳಿಗೇಕೆ ಆಗುವುದಿಲ್ಲ ಎನ್ನುವುದು ಅವನಿಗೆ ಅರ್ಥವಾಗಲಿಲ್ಲ.

ತುಳಸಮ್ಮನ ಜೊತೆ ಮಾತ್ರ ಮಾತಿಗೆ ಬರವಿರಲಿಲ್ಲ. ಅತ್ತೆಯ ಜೊತೆ ಸೊಸೆ ಮಾತಾಡಿದರೆ ಯಾರು ಏನಂದಾರು? ವೇಮಗಲ್ಲಿನ ತವರಿನಲ್ಲಿ ತಾವೂ ಹುಳ ಸಾಕಿದ ಕಥೆ, ಮಗ ಚಿಕ್ಕವನಿದ್ದಾಗ ಮಾಡಿದ ಹಟ, ಯಾವುದಕ್ಕೆ ಎಷ್ಟು ಹುಣಿಸೆಹುಳಿ ಬೇಕು... ತಾಯಿಯಿಲ್ಲದೆ ಬೆಳೆದ ಶ್ರೀವಾಣಿಗೆ ಆ ದನಿ ಕೇಳದಿದ್ದರೆ ದಿನ ಮುಗಿದಂತೆಯೇ ಅನಿಸುತ್ತಿರಲಿಲ್ಲ.

ಅಂಥ ತುಳಸಮ್ಮನಿಗೆ ಎದೆನೋವು ಕಾಣಿಸಿಕೊಂಡಿತು. ಕೋಲಾರದ ಆಸ್ಪತ್ರೆಗೆ ಸೇರಿಸಿದರು.

"ನಾಳೆ ಸಂಜೆ ಅಮ್ಮನ ಕೈಗೆ ಫೋನ್ ಕೊಡ್ತೀನಿ. ನಿಮ್ಮ ಹತ್ರ ಮಾತಾಡ್ಬೇಕು ಅಂತ ಒಂದೇ ಸಮನೆ ಕೇಳ್ತಿದ್ದಾರೆ. ಆಚೇನೇ ಇರ್ತೀರಲ್ಲ?" ಚಲಪತಿಯ ದನಿ ಕುಗ್ಗಿಹೋಗಿತ್ತು.

"ಹೂಂ. ಇರ್ತೀನಿ."

ಮರುದಿನ ಮಧ್ಯಾಹ್ನವೇ ಹುಳ ಹಣ್ಣಾಯಿತು, ಗೂಡು ಕಟ್ಟುವ ಹದಕ್ಕೆ ಬಂತು.

ಹುಳ ಸಾಕಿದವರಿಗೆ ಗೊತ್ತು ಅದರ ಗಡಿಬಿಡಿ. ಹಣ್ಣಾದ ಹುಳವನ್ನು ಒಂದೊಂದಾಗಿ ಆರಿಸಿ ಚಂದ್ರಿಕೆಗೆ ಬಿಡಬೇಕು. ಆ ಬಿದಿರಿನ ಸುರುಳಿಯಲ್ಲೇ ಅದು ಗೂಡು ಕಟ್ಟುವುದು. ತಡ ಮಾಡಿದರೆ ತಟ್ಟೆಯಲ್ಲೇ ನೂಲು ಬಿಟ್ಟು ಬೆಳೆಯೆಲ್ಲ ಹಾಳು.

"ಅಮ್ಮಾಯಿ, ಬಾರಮ್ಮಾ! ಕೈ ಸಾಲ್ತಿಲ್ಲ!" ಅಪ್ಪ ಒಳಗಿನಿಂದ ಕೂಗಿದರು.

ಒಂದು ತಟ್ಟೆ ಮುಗಿಸಿ ಆಚೆ ಹೋಗ್ತೀನಿ ಎಂದುಕೊಂಡಳು. ಫೋನನ್ನು ಸೊಂಟಕ್ಕೆ ಸಿಕ್ಕಿಸಿಕೊಂಡೇ ಕೂತಳು. ಇನ್ನೊಂದು ತಟ್ಟೆ... ಇದೊಂದು... ಅಪ್ಪನ ಮುಖದ ಬೆವರು ನೋಡಿದರೆ ಏಳಲು ಮನಸ್ಸಾಗದು. ಆ ಕಲ್ಲುಗೋಡೆಗಳ ನಡುವೆ ಫೋನು ಒಮ್ಮೆಯೂ ಮಿಸುಕಲಿಲ್ಲ.

ಅವಳು ಜಗಲಿಗೆ ಓಡಿ ಬಂದಾಗ ಕತ್ತಲಾಗಿತ್ತು. ಅವನ ನಂಬರ್ ಒತ್ತಿದಳು. ಯಾರೂ ಎತ್ತಲಿಲ್ಲ.

ಬೆಳಗಾಗುವಷ್ಟರಲ್ಲಿ ಸುದ್ದಿ ಬಂತು. ತುಳಸಮ್ಮ ಹೋಗಿಬಿಟ್ಟಿದ್ದರು.

* * *

ಮುಳಬಾಗಿಲಿನ ಮನೆಯಲ್ಲಿ ಶ್ರೀವಾಣಿ ಹೆಂಗಸರ ಗುಂಪಿನ ನಡುವೆ ನಿಂತು ಬಿಕ್ಕಿ ಬಿಕ್ಕಿ ಅತ್ತಳು. ಚಲಪತಿ ಅವಳ ಕಡೆ ಒಂದು ಸಲವೂ ತಿರುಗಿ ನೋಡಲಿಲ್ಲ.

ಮದುವೆಯನ್ನು ವರ್ಷದ ಮಟ್ಟಿಗೆ ಮುಂದೂಡಿದರು. ಹುಡುಗಿಯ ಕಾಲ್ಗುಣ ಸರಿಯಿಲ್ಲ ಎಂಬ ಪಿಸುಮಾತು ಮುಳಬಾಗಿಲಿನಿಂದ ಸುಗಟೂರಿಗೆ ಬರಲು ಯಾವ ಟವರೂ ಬೇಕಾಗಲಿಲ್ಲ.

ತಿಥಿಯ ಕಾರ್ಯವೆಲ್ಲ ಮುಗಿದ ಮೇಲೊಂದು ಸಂಜೆ ಅವನು ಫೋನ್ ಮಾಡಿದ. ಜಗಲಿಯಲ್ಲಿ ಅಪ್ಪ ಇದ್ದರು, ಆಂಜಿನಮ್ಮ ಇದ್ದಳು.

"ಅವತ್ತು ಯಾಕೆ ಆಚೆ ಬರ್ಲಿಲ್ಲ?"

ಶ್ರೀವಾಣಿ ಅಪ್ಪನ ಕಡೆ ನೋಡಿದಳು. 'ಅಪ್ಪ ಕರೆದರು' ಎಂದು ಅಪ್ಪನ ಎದುರಿಗೇ ಹೇಗೆ ಹೇಳುವುದು? ಹೆಂಡತಿ ಸತ್ತ ಮೇಲೆ ಮಗಳಿಗಾಗಿಯೇ ಬದುಕಿದ ಆ ಜೀವದ ಮೇಲೆ ಒಂದು ಸಾವಿನ ಭಾರ ಹೊರಿಸುವುದಾ?

"...ಆಗ್ಲಿಲ್ಲ."

"ಅಷ್ಟೇನಾ? ನಮ್ಮಮ್ಮ ಸಾಯ್ತಾ ಇದ್ರು ಶ್ರೀವಾಣಿ. ಮತ್ತೆ ಮತ್ತೆ ಮಾಡಿದೆ. ವ್ಯಾಪ್ತಿ ಪ್ರದೇಶದ ಹೊರಗಿದ್ದಾರೆ, ವ್ಯಾಪ್ತಿ ಪ್ರದೇಶದ ಹೊರಗಿದ್ದಾರೆ... ಅದೇ ಹೆಂಗಸಿನ ದನಿ. ಅಷ್ಟೇನಾ ನೀವು ಹೇಳೋದು?"

ಕಣ್ಣೀರು ಕಂಡರೆ ಅಪ್ಪ ಕೇಳುತ್ತಾರೆಂದು ಅವಳು ಕಂಬದ ಕಡೆ ಮುಖ ತಿರುಗಿಸಿದಳು. "ಹೂಂ" ಎಂದಷ್ಟೇ ಬಂತು.



"ನನಗೆ ಅರ್ಥ ಆಯ್ತು. ನಿಮಗೆ ನಾನು ಮೊದಲಿಂದಲೂ ಇಷ್ಟ ಇಲ್ಲ. ಮನೆಯವರ ಬಲವಂತಕ್ಕೆ ಒಪ್ಕೊಂಡಿದ್ದೀರಿ. ಭಾನುವಾರ ಸೋದರಮಾವನ್ನ ಕಳಿಸ್ತೀನಿ. ಈ ಸಂಬಂಧ ಬೇಡ ಅಂತ ನಮ್ಮ ಕಡೆಯಿಂದಲೇ ಹೇಳಿಸ್ತೀನಿ. ನಿಮಗೆ ಕೆಟ್ಟ ಹೆಸರು ಬರಲ್ಲ."

ಫೋನ್ ಇಟ್ಟುಬಿಟ್ಟ. ಅಪ್ಪನಿಗೆ ಗೊತ್ತಾಗಬಾರದೆಂದು ಅವಳು ಇಲ್ಲದ ದನಿಗೆ "ಆಯ್ತು... ಆಯ್ತು" ಎಂದು ತಲೆಯಾಡಿಸುತ್ತಾ, ಸೆರಗಿನಿಂದ ಮುಖ ಒರೆಸಿಕೊಂಡು ಒಳಗೆ ನಡೆದಳು.

* * *

ಹೇಗಾದರೂ ಮಾಡಿ ಮನೆಯೊಳಗೆ ಸಿಗ್ನಲ್ ತರಿಸಬೇಕು! ಭಾನುವಾರದೊಳಗೆ ಅವನೊಬ್ಬನ ಜೊತೆ, ಯಾರ ಕಿವಿಗೂ ಬೀಳದಂತೆ, ಬಾಯ್ತುಂಬ ಒಂದು ಸಲ ಮಾತಾಡಬೇಕು!

ಮೆಸೇಜ್ ಕಳಿಸೋಣವೆಂದು ಕೂತಳು. ಇಂಗ್ಲಿಷ್ ಅಕ್ಷರದಲ್ಲಿ 'ನಿಮ್ಮ ಅಮ್ಮ' ಎಂದು ಒತ್ತಿದರೆ ಅದು ಯಾರದೋ ಅಮ್ಮನಂತೆ ಕಂಡಿತು. ತಾಯಿ ಕಳೆದುಕೊಂಡವನಿಗೆ ಹೇಳುವ ಮಾತು ಇಷ್ಟೇನಾ ಎನಿಸಿ ಅಳಿಸಿಬಿಟ್ಟಳು. ಮಾಳಿಗೆಯೇರಿದರೆ ಕಡ್ಡಿ ಬರುತ್ತಿತ್ತು, ಆದರೆ ಸುತ್ತಲ ಮಾಳಿಗೆಗಳಲ್ಲೆಲ್ಲ ಜನ. ಕಾಲ್ಗುಣದ ಮಾತು ಎದ್ದ ಮೇಲೆ ಅವಳು ಒಬ್ಬಳೇ ಹೊರಗೆ ಹೋಗುವುದೂ ನಿಂತಿತ್ತು.

ಫೋನನ್ನು ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ ಕಿಟಕಿಯ ಸರಳಿಗೆ ನೇತುಹಾಕಿದಳು. ಒಂದೂ ಕಡ್ಡಿಯಿಲ್ಲ. ಅಟ್ಟದ ಮೇಲಿಟ್ಟಳು. ಇಲ್ಲ. ಫೋನಿನ ಹಿಂದೆ ಸ್ಟೀಲ್ ಪರಾತ ಇಟ್ಟರೆ ಬರುತ್ತಂತೆ ಎಂದು ಯಾರೋ ಹೇಳಿದ್ದು ನೆನಪಾಗಿ ಅದನ್ನೂ ಇಟ್ಟಳು. ಪರಾತದಲ್ಲಿ ಅತ್ತು ಊದಿದ ತನ್ನ ಮುಖ ಕಂಡಿತು, ಅಷ್ಟೇ.

ಕೊನೆಗೆ ಕಣ್ಣು ಬಿದ್ದದ್ದು ಉಗ್ರಾಣದ ಗವಾಕ್ಷಿಯ ಮೇಲೆ. ಚಪ್ಪಡಿಯ ನಡುವೆ ಬೆಳಕಿಗೆಂದು ಬಿಟ್ಟ ಕಿಂಡಿ! ರಾಗಿ ಮೂಟೆಗಳ ಮೇಲೆ ಹತ್ತಿ, ತುದಿಗಾಲಲ್ಲಿ ನಿಂತು ಫೋನನ್ನು ಕಿಂಡಿಯ ಬಾಯಿಗಿಟ್ಟಳು.

ಒಂದು ಕಡ್ಡಿ ಮೂಡಿತು!

ಆದರೆ ಕಿವಿ ಅಷ್ಟೆತ್ತರಕ್ಕೆ ಹೋಗಬೇಕಲ್ಲ? ಫೋನಿನ ಡಬ್ಬಿಯಲ್ಲೇ ಬಂದಿದ್ದ ಹ್ಯಾಂಡ್ಸ್‌ಫ್ರೀ ವೈರು ತಂದು ಸಿಕ್ಕಿಸಿದಳು. ಫೋನು ಮೇಲೆ, ಕಿವಿ ಕೆಳಗೆ. 'ಅತ್ತೆ, ನೀವೇ ಕಾಪಾಡಿ' ಎಂದುಕೊಳ್ಳುತ್ತಾ ಕರೆ ಮಾಡಿದಳು. ರಿಂಗ್ ಆಯಿತು!

"ಹಲೋ?"

"ನಾನು ರೀ... ನಾನು ಶ್ರೀವಾಣಿ! ಅವತ್ತು ಏನಾಯ್ತು ಅಂದ್ರೆ..."

"ಹಲೋ? ಹಲೋ? ಏನೂ ಕೇಳಿಸ್ತಿಲ್ಲ."

"ಕೇಳಿಸ್ತಿದೆಯಾ? ನಿಮ್ಮ ಮೇಲೆ ನನಗೆ..."

"ಮಾತಾಡೋಕೆ ಇಷ್ಟ ಇಲ್ಲದೆ ಇದ್ರೆ ಯಾಕೆ ಮಾಡ್ತೀರಿ?" ಅವನ ದನಿ ಒಡೆದಿತ್ತು. ಕಡ್ಡಿ ಮಾಯವಾಯಿತು. ಆಮೇಲೆ ಎಷ್ಟು ಸಲ ಒತ್ತಿದರೂ ಮೂಡಲಿಲ್ಲ.

ಶ್ರೀವಾಣಿ ರಾಗಿ ಮೂಟೆಯ ಮೇಲೆ ಕುಸಿದು ಕೂತು ಬಾಯಿಗೆ ಸೆರಗು ತುರುಕಿಕೊಂಡು ಅತ್ತಳು. ಈ ಮನೆಯೊಳಗೆ ಏನೂ ಬರುವುದಿಲ್ಲ, ಇಲ್ಲಿಂದ ಏನೂ ಹೋಗುವುದೂ ಇಲ್ಲ ಎನಿಸಿತು.

* * *

ಭಾನುವಾರ ಬೆಳಿಗ್ಗೆ ಜಗಲಿ ತುಂಬ ಜನ. ರೇಷ್ಮೆಗೂಡಿನ ರೇಟಿನ ಬಗ್ಗೆ ಏರುದನಿಯ ಚರ್ಚೆ ನಡೆದಿತ್ತು. ಕಂಬದ ಪಕ್ಕದ ಗೋಡೆಗೂಡಿನಲ್ಲಿಟ್ಟಿದ್ದ ಫೋನ್ ರಿಂಗಾಯಿತು. ಮುನಿಯಲ್ಲಪ್ಪ ಎತ್ತಿ ನೋಡಿ, "ನಿನಗೇ ಅಮ್ಮಾ" ಎಂದು ಕೊಟ್ಟರು.

"ಮಾವ ಬಸ್ ಹತ್ತಿದ್ರು" ಎಂದ ಚಲಪತಿ. "ಅವರು ಬಂದು ಹೋದ ಮೇಲೆ ನಾನು ನಿಮಗೆ ಫೋನ್ ಮಾಡಲ್ಲ. ಏನಾದ್ರೂ ಹೇಳೋದಿದ್ರೆ ಈಗಲೇ ಹೇಳಿ."

ಆಂಜಿನಮ್ಮನ ಕೈ ಮೊರದ ಮೇಲೆ ನಿಂತಿತು. ಅಪ್ಪ ಬೀಡಿ ಹಚ್ಚಿಕೊಳ್ಳುತ್ತಿದ್ದರು. ಶ್ರೀವಾಣಿ ಬಾಗಿಲ ಕಡೆ ನೋಡಿದಳು. ಒಂದು ಹೆಜ್ಜೆ ಒಳಗಿಟ್ಟರೆ ಲೈನ್ ಕಟ್ಟಾಗುತ್ತದೆ. 'ಈಗ ಹೂಂ ಅಂದ್ರೆ ಎಲ್ಲ ಮುಗೀತು ಕಣೇ' ಎಂದಿತು ಮನಸ್ಸು.

"ಇದೆ ರೀ" ಎಂದಳು. ದನಿ ಅವಳಿಗೇ ಗಟ್ಟಿಯಾಗಿ ಕೇಳಿಸಿತು. "ಹೇಳೋದು ತುಂಬಾ ಇದೆ. ಇಲ್ಲಿ ಎಲ್ಲರೂ ಕೂತಿದ್ದಾರೆ. ಕೂತಿರ್ಲಿ, ನಾನು ಹೇಳ್ತೀನಿ."

ರೇಟಿನ ಮಾತು ನಿಂತುಹೋಯಿತು.

"ಅವತ್ತು ಹುಳ ಹಣ್ಣಾಗಿತ್ತು. ಫೋನ್ ಸೊಂಟದಲ್ಲೇ ಇತ್ತು. ಕಲ್ಲಿನ ಮನೆ ರೀ ಇದು, ರಿಂಗಾಗ್ಲಿಲ್ಲ. ಇದೊಂದು ತಟ್ಟೆ, ಇದೊಂದು ತಟ್ಟೆ ಅಂತ ಕೂತುಬಿಟ್ಟೆ. ಯಾರದೂ ತಪ್ಪಿಲ್ಲ, ನನ್ನದೇ. ಅತ್ತೆಗೆ ನನ್ನ ದನಿ ಕೇಳಿಸದೆ ಹೋಯ್ತು. ಅವತ್ತಿಂದ ಅನ್ನ ಗಂಟಲಲ್ಲಿ ಇಳೀತಿಲ್ಲ ನನಗೆ." ಅವಳು ಕಂಬವನ್ನು ಹಿಡಿದುಕೊಂಡಳು. "ಮತ್ತೆ ನೀವು ಇಷ್ಟ ಇಲ್ಲ ಅಂದ್ರಲ್ಲ... ಇಷ್ಟ ರೀ! ಮಾಳಿಗೆ ಮೇಲಿಂದ ನೋಡಿದ್ನಲ್ಲ, ಅವತ್ತಿಂದ ಇಷ್ಟ. ನಿಮ್ಮನ್ನ ಬಿಟ್ಟು ನನಗೆ ಬೇರೆ ಯಾರೂ ಬೇಡ!"

ಆಂಜಿನಮ್ಮ ಬಾಯಿಯ ಮೇಲೆ ಕೈಯಿಟ್ಟುಕೊಂಡಳು. ಆದರೆ ಅವಳ ಕಣ್ಣೂ ತುಂಬಿತ್ತು.

ಮುನಿಯಲ್ಲಪ್ಪ ಬೀಡಿ ಕೆಳಗೆ ಹಾಕಿ ಮೆಲ್ಲಗೆ ಎದ್ದು ಬಂದರು. ಬೈಯುತ್ತಾರೇನೋ ಎಂದು ಅವಳು ಮುದುಡಿದಳು.

"ಕೊಡಮ್ಮಾ ಇಲ್ಲಿ." ಫೋನನ್ನು ಕಿವಿಗಿಟ್ಟುಕೊಂಡರು. "ಅಪ್ಪಾ ಚಲಪತಿ... ಅವತ್ತು ಒಳಗೆ ಕರೆದಿದ್ದು ನಾನು ಕಣಪ್ಪಾ. ಈ ಕೂಸು ಇಷ್ಟು ದಿನ ನನ್ನ ಮೇಲೆ ಒಂದು ಮಾತು ಹಾಕ್ಲಿಲ್ಲ. ಆ ತಾಯಿ ಋಣ ನನ್ನ ತಲೆ ಮೇಲಿರ್ಲಿ. ಇವಳನ್ನ ಬಿಡ್ಬೇಡಪ್ಪಾ."

ಫೋನನ್ನು ಮಗಳ ಕೈಗಿಟ್ಟು, ಟವೆಲಿನಿಂದ ಕಣ್ಣೊರೆಸಿಕೊಂಡು ಜನರ ಕಡೆ ತಿರುಗಿದರು. "ಏಳ್ರಪ್ಪಾ, ಏಳಮ್ಮಾ ಆಂಜಿನಮ್ಮಾ. ತೋಟದ ಕಡೆ ಹೋಗೋಣ. ಮಗು ಮಾತಾಡ್ಲಿ."

ಜಗಲಿ ಖಾಲಿಯಾಯಿತು. ಆ ಕಡೆಯಿಂದ ಗಂಡಸೊಬ್ಬ ಅಳುವ ಸದ್ದು ಕೇಳಿಸುತ್ತಿತ್ತು.

"ರೀ... ಅಳ್ಬೇಡಿ."

"ಶ್ರೀವಾಣಿ, ಅವತ್ತು ಫೋನ್ ಸಿಗದೇ ಇದ್ದಾಗ ಅಮ್ಮ ಏನಂದ್ರು ಗೊತ್ತಾ?" ಅವನು ಮೂಗೆಳೆದುಕೊಂಡ. "'ಹುಳ ಹಣ್ಣಾಗಿರ್ಬೇಕು ಕಣೋ, ಪಾಪ, ತೊಂದರೆ ಕೊಡ್ಬೇಡ' ಅಂದ್ರು. ಎರಡು ಸಲ ಅಂದ್ರು. ನಾನು ಕಿವಿಗೇ ಹಾಕ್ಕೊಳ್ಳಲಿಲ್ಲ. ಸಿಟ್ಟು ಯಾರ ಮೇಲಾದ್ರೂ ತೀರಿಸ್ಕೋಬೇಕಿತ್ತು ನನಗೆ... ನಿಮ್ಮ ಮೇಲೆ ತೀರಿಸ್ಕೊಂಡೆ."

ಶ್ರೀವಾಣಿ ಕಂಬಕ್ಕೆ ಹಣೆ ಹಚ್ಚಿದಳು. ಅತ್ತೆ ಬೇಸರ ಮಾಡಿಕೊಂಡು ಹೋಗಿರಲಿಲ್ಲ... ಹೋಗಿರಲಿಲ್ಲ! ಇಷ್ಟು ದಿನ ಕಟ್ಟಿಹಾಕಿದ್ದ ಅಳು ಒಮ್ಮೆಲೇ ಬಂತು. ಇಬ್ಬರೂ ಅತ್ತರು, ಯಾರೂ ಯಾರನ್ನೂ ಸಮಾಧಾನ ಮಾಡಲಿಲ್ಲ.

"ಮಾವ ಬರ್ತಿದ್ದಾರಲ್ಲ, ಏನು ಹೇಳ್ಲಿ?" ಎಂದಳು ಕೊನೆಗೆ.

"ಊಟ ಹಾಕಿ ಕೂರಿಸಿ. ಮುಂದಿನ ಬಸ್ಸಿಗೆ ನಾನೂ ಬರ್ತೀನಿ. ನಾನೇ ಹೇಳ್ತೀನಿ."

"ನಿಮ್ಮದು ಊಟ?"

"ಮನೇಲಿ ಒಲೆ ಹಚ್ಚೋದೇ ಅಪರೂಪ ಆಗಿದೆ. ಯಾರೂ ಅಮ್ಮನ ಹೆಸರೂ ಎತ್ತಲ್ಲ ಶ್ರೀವಾಣಿ, ನಾನು ಅಳ್ತೀನಿ ಅಂತ." ಅವನ ದನಿ ಚಿಕ್ಕ ಹುಡುಗನದಾಯಿತು. "ಬಸ್ ಬರೋವರೆಗೂ... ನನ್ನ ಹತ್ರ ಅಮ್ಮನ ಬಗ್ಗೆ ಮಾತಾಡ್ತೀಯಾ?"

ಅವನು ಮೊದಲ ಸಲ ಏಕವಚನದಲ್ಲಿ ಕರೆದದ್ದು ಅವಳಿಗೆ ಗೊತ್ತಾಯಿತು. ಅಪ್ಪ ಕೂರುವ ಜಾಗದಲ್ಲೇ, ಬೀದಿಗೆಲ್ಲ ಕಾಣುವಂತೆ, ಕಾಲು ಮಡಿಸಿ ಕೂತಳು.

"ಮಾತಾಡ್ತೀನಿ. ಎಲ್ಲಾದ್ರೂ ಕೂತ್ಕೊಳ್ಳಿ ಮೊದಲು."

"ಕೂತೆ."

"ಒಂದಿನ ಅತ್ತೆ ನನ್ನ ಹತ್ರ ಏನಂದ್ರು ಗೊತ್ತಾ ರೀ? ನೀವು ನಗಬಾರ್ದು..."