ಬೇಕೆಂದೇ ಬಿಟ್ಟ ಚೆಂಡು

ಗೋಲು ಖಾಲಿಯಿತ್ತು. ಚೆಂಡು ಹುಲ್ಲಿನ ಮೇಲೆ ನಿಧಾನವಾಗಿ ಉರುಳುತ್ತ, ಹೊಡೆಯಪ್ಪಾ ಎಂದು ಗೋಗರೆಯುವಂತೆ ಹೊಸಬನ ಕುದುರೆಯ ಬಲಗಡೆಗೇ ಬಂತು. ಅವನು ಉದ್ದನೆಯ ಸ್ಟಿಕ್ ಎತ್ತಿ ಬೀಸಿದ. ಸ್ಟಿಕ್ ಬರೀ ಗಾಳಿಯನ್ನು ಹೊಡೆದು ಮೇಲೆ ಹೋಯಿತು. ಚೆಂಡು ಅಲ್ಲೇ ಒಂದು ಗುಳಿಯಲ್ಲಿ ಕೂತುಬಿಟ್ಟಿತು.

“ಏನಯ್ಯಾ, ಇದನ್ನ ಹಲ್ಲಿನ ಡಾಕ್ಟರಮ್ಮ ಕೂಡ ಹೊಡೀತಿದ್ರು!” ಎಂದು ಅಣ್ಣ ಕುದುರೆಯ ಮೇಲಿಂದಲೇ ಕೂಗಿದ. ಹೋದ ತಿಂಗಳಷ್ಟೇ ಪೋಲೊ ಕಲಿಯಲು ಸೇರಿದ್ದ ಹಲ್ಲಿನ ಡಾಕ್ಟರಮ್ಮ, ಇದು ಹೊಗಳಿಕೆಯೋ ಬೈಗುಳವೋ ತಿಳಿಯದೆ ಬೇಲಿಯ ಬಳಿ ನಿಂತು ನಕ್ಕರು.

ಟೀಚರ್ ನಗಲಿಲ್ಲ. ಅವಳು ಒಂದು ವಾರದಿಂದ ನೋಡುತ್ತಿದ್ದಳು.

ಮೂರು ಸೀಸನ್ ಆಡಿದ ಮೇಲೂ ಪೋಲೊ ಕ್ಲಬ್ಬು ನಡೆಸುವ ಆ ಮನೆಯಲ್ಲಿ ಅವನು ಹೊಸಬನೇ. ಯಾಕೆಂದರೆ ಉಳಿದವರೆಲ್ಲ ಹುಟ್ಟುತ್ತಲೇ ಜೀನಿನ ಮೇಲೆ ಕೂತವರು. ಮುಂದುಗಡೆ ಮನೆ, ಹಿಂದೆ ಲಾಯ, ಅದರ ಹಿಂದೆ ಮೈದಾನ. ಗೆದ್ದ ಕಪ್ಪುಗಳಿಗೆ ಕಪಾಟು ಸಾಲದೆ ಬಾಗಿಲ ಬಳಿ ಛತ್ರಿ ಇಡುವುದಕ್ಕೂ ಒಂದು ಬೆಳ್ಳಿ ಕಪ್ಪೇ ಇತ್ತು. ಅಪ್ಪನನ್ನು ಎಲ್ಲರೂ ಕ್ಯಾಪ್ಟನ್ ಎನ್ನುತ್ತಿದ್ದರು. ಅಣ್ಣ ಮನೆಯ ದೊಡ್ಡ ಆಟಗಾರ. ಅತ್ತಿಗೆ ಕ್ಲಬ್ಬಿನ ಆಫೀಸು ನೋಡಿಕೊಳ್ಳುವವಳು. ಕಲಿಯಲು ಬಂದವರ ಕೈ ತಿದ್ದುವುದು ಮಗಳ ಕೆಲಸ. ಅದಕ್ಕೇ ಅವಳು ಟೀಚರ್.

ಈ ಆಟದಲ್ಲಿ ಪ್ರತಿಯೊಬ್ಬರ ಹೆಸರಿನ ಮುಂದೆಯೂ ಒಂದು ನಂಬರ್ ಇರುತ್ತದೆ. ಚೆನ್ನಾಗಿ ಆಡಿದಷ್ಟೂ ನಂಬರ್ ದೊಡ್ಡದು. ಕಮಿಟಿಯವರು ವರ್ಷಕ್ಕೊಮ್ಮೆ ಬಂದು ಆಟ ನೋಡಿ ಅದನ್ನು ಏರಿಸುತ್ತಾರೆ ಇಲ್ಲವೇ ಇಳಿಸುತ್ತಾರೆ. ಈ ಮನೆಯವರು ಆಡುವ ಕಪ್ ಪಂದ್ಯಗಳಲ್ಲಿ ತಂಡದ ನಾಲ್ವರ ನಂಬರ್ ಸೇರಿ ಎಂಟು ದಾಟುವಂತಿಲ್ಲ. ಅಣ್ಣನದು ಐದು, ವಯಸ್ಸಾದ ಕ್ಯಾಪ್ಟನ್‌ದು ಒಂದು, ಹೊರಗಿನಿಂದ ಕರೆಸಿಕೊಂಡ ಹೊಸಬನದು ಎರಡು. ಟೀಚರ್‌ದು ಸೊನ್ನೆ. ಎಂಟಕ್ಕೆ ಸರಿಯಾಗಿ ಎಂಟು.

ಎಲ್ಲರಿಗೂ ಕಲಿಸುವವಳದು ಸೊನ್ನೆ ಎಂದರೆ ನಗು ಬರುತ್ತದೆ, ನಿಜ. ಆದರೆ ಕ್ಯಾಪ್ಟನ್ ಒಮ್ಮೆ ಕುದುರೆಯಿಂದ ಬಿದ್ದ ಮೇಲೆ ಅವರ ಎಡಗಣ್ಣು ಮಂಜಾಗಿತ್ತು. ಅದು ಗೊತ್ತಿದ್ದದ್ದು ಅಪ್ಪ ಮಗಳಿಗೆ ಮಾತ್ರ. ಆಟದ ಉದ್ದಕ್ಕೂ ಅವಳು ಅಪ್ಪನ ಎಡಗಡೆಗೇ ಕುದುರೆ ಓಡಿಸುತ್ತ, “ಬಂದ್ರು ಅಪ್ಪಾ, ಎಡಕ್ಕೆ” ಎನ್ನುತ್ತಿದ್ದಳು. ಚೆಂಡಿನ ಹಿಂದೆ ಹೋಗುತ್ತಲೇ ಇರಲಿಲ್ಲ. ಹೋಗದವರ ನಂಬರ್ ಏರುವುದಾದರೂ ಹೇಗೆ?

ಆ ದಿನ ಆಟ ಮುಗಿದ ಮೇಲೆ ಜೀನುಗಳನ್ನಿಡುವ ಕೋಣೆಯಲ್ಲಿ ಅವಳು ಅವನನ್ನು ಹಿಡಿದಳು. ಕೈಯಲ್ಲಿ ಕ್ರೇಪ್ ಬ್ಯಾಂಡೇಜಿನ ಸುರುಳಿ ಇತ್ತು.

“ಕೈ ಕೊಡು.”

“ಕೈ ಕೊಡೋ ಪೈಕಿ ಅಲ್ಲ ನಾನು, ಟೀಚರ್.”

“ತಮಾಷೆ ಸಾಕು. ಮಣಿಕಟ್ಟು ನೋಯ್ತಿದೆ ತಾನೆ? ಸುಲಭದ ಚೆಂಡೆಲ್ಲ ಬಿಡ್ತಿದ್ದೀಯ.”

ಅವನು ಒಂದು ಗಳಿಗೆ ಅವಳ ಮುಖವನ್ನೇ ನೋಡಿದ. “ಹೌದು,” ಎಂದ. “ತುಂಬಾ ನೋವು.”

ಅವಳು ಬೆರಳಿನಿಂದ ಒತ್ತಿ ನೋಡಿದಳು. “ಇಲ್ಲೇನಾ?”

“ಸ್ವಲ್ಪ ಮೇಲೆ.”

“ಇಲ್ಲಿ?”

“ಇನ್ನೂ ಮೇಲೆ.”

“ಇನ್ನೂ ಮೇಲೆ ಹೋದ್ರೆ ಭುಜ ಬರುತ್ತೆ.”

“ಬರ್ಲಿ ಬಿಡಿ. ಅದೂ ನಂದೇ.”

ಅವಳು ತಲೆ ಬಗ್ಗಿಸಿಯೇ ಬ್ಯಾಂಡೇಜು ಸುತ್ತಿದಳು. ತುಟಿ ಕಚ್ಚಿಕೊಂಡು ನಗು ತಡೆದದ್ದು ಅವನಿಗೆ ಕಾಣಿಸಿತು, ಕಂಡದ್ದು ಅವಳಿಗೂ ಗೊತ್ತಾಯಿತು. ತೊಗಲು, ಎಣ್ಣೆ, ಕುದುರೆಯ ಬೆವರಿನ ವಾಸನೆಯ ಆ ಕೋಣೆ ಅವಳಿಗೆ ಅಷ್ಟು ಚಿಕ್ಕದಾಗಿ ಎಂದೂ ಅನ್ನಿಸಿರಲಿಲ್ಲ.

“ಸೊನ್ನೆ ಅಂತ ನಿಮ್ಮನ್ನ ಎಲ್ಲರೂ ರೇಗಿಸ್ತಾರೆ,” ಎಂದ ಅವನು. “ಎರಡರ ಪಕ್ಕಕ್ಕೆ ಸೊನ್ನೆ ಬಂದು ನಿಂತ್ರೆ ಎಷ್ಟಾಗುತ್ತೆ ಅಂತ ಯಾರೂ ಯೋಚನೆ ಮಾಡಿಲ್ಲ.”

“ಬ್ಯಾಂಡೇಜು ಬಿಗಿಯಾಯ್ತಾ?”

“ಆಗಿದೆ. ಬಿಚ್ಚೋದು ಬೇಡ.”

ಮಾರನೆಯ ದಿನ ಸಂಜೆ ಅವಳು ಲಾಯದ ಕಡೆ ಹೋಗುತ್ತಿದ್ದಾಗ ಮರದ ಕುದುರೆಯ ಗೂಡಿನಿಂದ ಟಕ್, ಟಕ್ ಎಂದು ಸದ್ದು ಬಂತು. ಅದು ಹೊಸದಾಗಿ ಕಲಿಯುವವರ ಜಾಗ. ಸುತ್ತ ಬಲೆ, ನಡುವೆ ಒಂದು ಮರದ ಕುದುರೆ. ನೆಲ ಇಳಿಜಾರಾಗಿರುವುದರಿಂದ ಹೊಡೆದ ಚೆಂಡು ಬಲೆಗೆ ಬಡಿದು ತಾನಾಗಿಯೇ ಹಿಂದಕ್ಕೆ ಉರುಳಿ ಬರುತ್ತದೆ. ಹೊಸಬ ಅದರ ಮೇಲೆ ಕೂತು ಹೊಡೆಯುತ್ತಿದ್ದ. ಒಂದು ಚೆಂಡೂ ತಪ್ಪುತ್ತಿರಲಿಲ್ಲ. ಎಲ್ಲವೂ ಬಲೆಯ ಒಂದೇ ತೇಪೆ ಹಾಕಿದ ಜಾಗಕ್ಕೆ ಹೋಗಿ ಬಡಿಯುತ್ತಿದ್ದವು.

ಅವಳು ನಿಂತು ನೋಡಿದಳು. ಆಗ ಅವಳಿಗೆ ಹೊಳೆಯಿತು. ನಿಜವಾಗಿ ಚೆಂಡು ತಪ್ಪಿದವನ ಕಣ್ಣು ಮೊದಲೇ ಮೇಲೆದ್ದಿರುತ್ತದೆ, ಗೋಲು ನೋಡುವ ಆತುರಕ್ಕೆ. ಇವನ ಕಣ್ಣು ಕೊನೆಯವರೆಗೂ ಚೆಂಡಿನ ಮೇಲೇ ಇರುತ್ತಿತ್ತು. ಸ್ಟಿಕ್ ಮಾತ್ರ ಬೆರಳಷ್ಟು ಮೇಲೆ ಹೋಗುತ್ತಿತ್ತು. ಅಷ್ಟು ಅಚ್ಚುಕಟ್ಟಾಗಿ ತಪ್ಪಿಸಬೇಕೆಂದರೆ ಒಳ್ಳೆಯ ಕೈ ಬೇಕು.

“ಬ್ಯಾಂಡೇಜನ್ನ ಮರದ ಕುದುರೆ ಕಿವಿಗೆ ಕಟ್ಟಿದ್ದೀಯ,” ಎಂದಳು. “ಅದಕ್ಕೂ ನೋವಾ?”

ಅವನು ಬೆಚ್ಚಿಬಿದ್ದ. ಆಮೇಲೆ ನಿಧಾನವಾಗಿ ಸ್ಟಿಕ್ ಕೆಳಗಿಟ್ಟ.

“ಎದುರಿನ ಕ್ಲಬ್ಬಿನವರು ಏನಾದ್ರೂ ಆಸೆ ತೋರಿಸಿದ್ರಾ?”

“ಛೇ! ಲೆಕ್ಕ ಮಾಡಿ ಟೀಚರ್. ಕಮಿಟಿಯವರು ಈ ಸಲ ನನ್ನನ್ನ ನಾಲ್ಕು ಮಾಡ್ತಾರೆ ಅಂತ ಅಣ್ಣನೇ ಹೇಳ್ತಿದ್ರು. ಐದಕ್ಕೆ ನಾಲ್ಕು ಸೇರಿಸಿದ್ರೆ ಎಷ್ಟು?”

ಅವಳು ಮನಸ್ಸಿನಲ್ಲೇ ಕೂಡಿಸಿದಳು. ಒಂಬತ್ತು. ಅಣ್ಣ ಮತ್ತು ಅವನು ಒಂದೇ ತಂಡದಲ್ಲಿ ಆಡುವಂತೆಯೇ ಇಲ್ಲ.

“ನಿಮ್ಮಪ್ಪ ಒಳ್ಳೆಯವ್ರು. ಬೆನ್ನು ತಟ್ಟಿ, ಕೈ ಕುಲುಕಿ ಕಳಿಸ್ತಾರೆ. ಎರಡೇ ಆಗಿದ್ರೆ ಇಲ್ಲೇ ಇರ್ತೀನಿ.”

“ಇಲ್ಲೇನಿದೆ ಅಂತ?”

“ಸೊನ್ನೆ ಇದೆ,” ಎಂದ ಅವನು.

ಬೈಯಬೇಕಿತ್ತು. ಆಟಕ್ಕೆ ಮೋಸ ಮಾಡುವವನನ್ನು ಆ ಮನೆಯಲ್ಲಿ ಒಳಗೆ ಸೇರಿಸುವುದಿಲ್ಲ. ಆದರೆ ಟೀಚರ್‌ಗೆ ಖುಷಿಯಾಯಿತು, ನಾಚಿಕೆಯಾಗುವಷ್ಟು ಖುಷಿ. ಅವಳು ಮರದ ಕುದುರೆಯ ಕಿವಿಯಿಂದ ಬ್ಯಾಂಡೇಜು ಬಿಚ್ಚಿಕೊಂಡು, ಅವನ ಕೈ ಎಳೆದುಕೊಂಡು, ಮತ್ತೆ ಮೊದಲಿನಿಂದ ಸುತ್ತತೊಡಗಿದಳು.

ಆಮೇಲಿನ ವಾರಗಳು ಅವರಿಬ್ಬರದೇ ವಾರಗಳು. ಇಲ್ಲದ ನೋವಿಗೆ ದಿನವೂ ಬ್ಯಾಂಡೇಜು. “ಇನ್ನೂ ವಾಸಿಯಾಗಿಲ್ಲ ಅಣ್ಣಾ, ಬೈಬೇಡ,” ಎಂದು ಅವಳೇ ಸುಳ್ಳಿಗೆ ಒತ್ತಾಸೆ ಕೊಟ್ಟಳು. ಕುದುರೆಗಳಿಗೆ ನೀರು ಕುಡಿಸುವಾಗ ತೊಟ್ಟಿಯ ಆಚೆ ಅವನು, ಈಚೆ ಅವಳು. ನೀರಿನಲ್ಲಿ ಒಬ್ಬರನ್ನೊಬ್ಬರು ನೋಡಿಕೊಳ್ಳುವಷ್ಟರಲ್ಲಿ ಯಾವುದೋ ಕುದುರೆ ಮೂತಿಯಿಟ್ಟು ಎಲ್ಲ ಕಲಕಿಬಿಡುತ್ತಿತ್ತು.

“ಕ್ಲಬ್ಬಿನ ಬ್ಯಾಂಡೇಜೆಲ್ಲ ಒಂದೇ ಕೈಗೆ ಹೋಗ್ತಿದೆಯಲ್ಲಾ,” ಎಂದಳು ಅತ್ತಿಗೆ, ಊಟಕ್ಕೆ ಬಡಿಸುತ್ತ.

“ಕೈ ದಪ್ಪ ಇದೆ ಅತ್ತಿಗೆ.”

“ಹೂಂ, ಹೂಂ. ನೋಡಿದ್ದೀನಿ.”

ಕ್ಯಾಪ್ಟನ್ ಮಾತ್ರ ತಟ್ಟೆಯಿಂದ ತಲೆ ಎತ್ತದೆ ಹೇಳಿದರು: “ಆ ಹುಡುಗನ ಮೇಲೆ ತುಂಬಾ ಆಸೆ ಇಟ್ಕೊಂಡಿದ್ದೆ. ನನ್ನ ಲೆಕ್ಕ ತಪ್ಪೋಯ್ತು ಅನ್ಸುತ್ತೆ.” ಟೀಚರ್ ಕೈಯ ತುತ್ತನ್ನು ತಟ್ಟೆಗೇ ಇಳಿಸಿದಳು.

ಕಮಿಟಿಯವರು ಬರುವ ಹಿಂದಿನ ದಿನ ಪ್ರಾಕ್ಟೀಸಿನಲ್ಲಿ ಅವನು ಇನ್ನೊಂದು ಚೆಂಡು ಬಿಟ್ಟ. ಬಿಟ್ಟು, ಎಂದಿನಂತೆ ಅವಳ ಕಡೆ ನೋಡಿ ಕಳ್ಳನಗೆ ನಕ್ಕ. ಅವಳಿಗೆ ನಗು ಬರಲಿಲ್ಲ. ಈ ಸಲ ಅವನ ಕಣ್ಣು ಮೊದಲೇ ಮೇಲೆದ್ದಿತ್ತು. ಇದು ಬೇಕೆಂದೇ ಬಿಟ್ಟದ್ದಲ್ಲ, ನಿಜವಾಗಿಯೇ ತಪ್ಪಿದ್ದು. ಅದು ಅವನಿಗೇ ಗೊತ್ತಾಗಲಿಲ್ಲ. ದಿನವೂ ಹೇಳಿದ ಸುಳ್ಳನ್ನು ಕೈ ಕಲಿತುಬಿಟ್ಟಿತ್ತು.

ಆ ಸಂಜೆ ಅವಳು ಬ್ಯಾಂಡೇಜು ಕಟ್ಟಲಿಲ್ಲ. “ನಾಳೆ ನಿಜವಾಗಿ ಆಡು,” ಎಂದಳು.

“ಆಗಲ್ಲ.”

“ನಿನ್ನ ಕೈ ಕೆಡ್ತಿದೆ. ಇವತ್ತು ನೀನು ಬಿಡ್ಲಿಲ್ಲ, ಚೆಂಡು ನಿಜವಾಗ್ಲೂ ತಪ್ಪೋಯ್ತು.”

“ಕೆಟ್ರೆ ಕೆಡ್ಲಿ. ಆಡೋದು ಬಿಟ್ಟು ನಿಮ್ಮ ಜೊತೆ ಕಲಿಸ್ಕೊಂಡು ಇದ್ದುಬಿಡ್ತೀನಿ.”

“ಇದ್ದುಬಿಡ್ತೀಯ. ನಾಲ್ಕು ವರ್ಷ ಆದ್ಮೇಲೆ ಬೇರೆಯವ್ರು ಆಡೋದನ್ನ ಬೇಲಿ ಹತ್ರ ನಿಂತು ನೋಡ್ತೀಯ. ಆಮೇಲೆ ತಿರುಗಿ ನನ್ನ ಮುಖ ನೋಡ್ತೀಯ. ಆ ನೋಟ ನನಗೆ ಬೇಡ.”

“ನಾಳೆ ನಾನು ಎರಡೇ,” ಎಂದು ಅವನು ಹಟದಿಂದ ಹೊರಟುಹೋದ.

ಮರುದಿನ ಕಮಿಟಿಯ ಇಬ್ಬರು ಕೊಡೆಯ ಕೆಳಗೆ ಕುರ್ಚಿ ಹಾಕಿಕೊಂಡು ಕೂತರು. ಒಂದು ಕಡೆ ಅಣ್ಣ, ಹೊಸಬ, ಕಲಿಯುವವರಲ್ಲಿ ಇಬ್ಬರು. ಇನ್ನೊಂದು ಕಡೆ ಕ್ಯಾಪ್ಟನ್, ಟೀಚರ್, ಮತ್ತಿಬ್ಬರು. ಮೊದಲರ್ಧವೆಲ್ಲ ಹೊಸಬ ಅಂದವಾಗಿ ಓಡಿ, ಅಂದವಾಗಿ ಬಿಟ್ಟ. ಕಮಿಟಿಯವರಲ್ಲೊಬ್ಬರು ಆಕಳಿಸಿದ್ದು ಅವಳಿಗೆ ಕಾಣಿಸಿತು.

ಎರಡನೆಯ ಅರ್ಧದಲ್ಲಿ ಅಣ್ಣ ಹೊಡೆದ ಚೆಂಡು ಮೈದಾನದ ಉದ್ದಕ್ಕೂ ಹೋಯಿತು. ಹೊಸಬ ಅದರ ಹಿಂದೆ ಕುದುರೆ ಓಡಿಸಿದ. ಟೀಚರ್ ಒಂದು ಕ್ಷಣ ಅಪ್ಪನ ಕಡೆ ನೋಡಿದಳು. ಆಮೇಲೆ, ಅಪ್ಪ ಬಿದ್ದ ದಿನದಿಂದ ಮಾಡದ ಕೆಲಸ ಮಾಡಿದಳು. ಅಪ್ಪನ ಎಡಗಡೆ ಬಿಟ್ಟು ಚೆಂಡಿನ ಹಿಂದೆ ಹೋದಳು.

ಓಡುವವನ ಪಕ್ಕಕ್ಕೆ ಕುದುರೆ ತಂದು, ಭುಜಕ್ಕೆ ಭುಜ ಕೊಟ್ಟು ದಾರಿಯಿಂದ ತಳ್ಳುವುದು ಈ ಆಟದಲ್ಲಿ ನ್ಯಾಯ. ಎಲ್ಲರ ಎದುರಿಗೆ ಮೈಗೆ ಮೈ ತಾಗಿಸಲು ಅವರಿಬ್ಬರಿಗೂ ಇದ್ದ ಒಂದೇ ಪರವಾನಗಿ ಅದು. ಅವಳ ಮೊಣಕಾಲು ಅವನ ಮೊಣಕಾಲಿಗೆ ಬಡಿಯಿತು. ಭುಜ ಭುಜಕ್ಕೆ ಒತ್ತಿತು. ಎರಡೂ ಕುದುರೆಗಳು ಒಂದೇ ಉಸಿರಿನಲ್ಲಿ ಓಡಿದವು.

“ತಳ್ಳಿ ಟೀಚರ್, ತಳ್ಳಿಬಿಡಿ ನನ್ನ,” ಎಂದ ಅವನು, ಹಲ್ಲು ಕಚ್ಚಿಕೊಂಡು.

ಅವಳು ತಳ್ಳಲಿಲ್ಲ. ಅವನು ಬಂದ ಹೊಸತರಲ್ಲಿ ಮರದ ಕುದುರೆಯ ಮೇಲೆ ಕೂರಿಸಿ ಕೈ ತಿದ್ದುವಾಗ ಕೂಗುತ್ತಿದ್ದ ಅದೇ ದನಿಯಲ್ಲಿ ಕೂಗಿದಳು: “ಕಣ್ಣು! ಚೆಂಡಿನ ಮೇಲೆ ಕಣ್ಣು!”

ಮನಸ್ಸು ಬೇಡ ಎನ್ನುವ ಮೊದಲೇ ಕಣ್ಣು ಕೆಳಗಿಳಿಯಿತು, ಕೈ ಮೇಲೆದ್ದಿತು. ಟಕ್ ಎಂದು ಬಂದ ಆ ಸದ್ದು ಮೈದಾನಕ್ಕೆಲ್ಲ ಕೇಳಿಸಿತು. ಚೆಂಡು ಎರಡು ಕಂಬಗಳ ನಟ್ಟನಡುವೆ ಹೋಯಿತು. ಕೊಡೆಯ ಕೆಳಗೆ ಇಬ್ಬರೂ ಎದ್ದು ನಿಂತರು.

ಪ್ರತಿ ಗೋಲಾದ ಮೇಲೂ ಎರಡೂ ತಂಡ ದಿಕ್ಕು ಬದಲಿಸಬೇಕು. ಹಾಗೆ ಎದುರುಬದುರಾಗಿ ಹಾದುಹೋಗುವಾಗ ಅವನು ಅವಳನ್ನು ಸುಡುವಂತೆ ನೋಡಿದ. ಆಮೇಲೆ ಸಿಟ್ಟಿನಿಂದಲೇ ಆಡಿದ. ಇನ್ನೊಂದು ಗೋಲು ಬಂತು. ಈ ಸಲ ಹಾದುಹೋಗುವಾಗ ಅವನ ಕಣ್ಣು ತುಂಬಿತ್ತು. ಮೂರನೆಯದಾದಾಗ ಅವನು ಅವಳ ಹತ್ತಿರ ಬಂದು ಲಗಾಮು ಜಗ್ಗಿದ, ನಕ್ಕುಬಿಟ್ಟ. ತನ್ನ ಕೈ ತನಗೆ ವಾಪಸು ಸಿಕ್ಕಿದವನ ನಗು ಅದು. ಅದನ್ನು ನೋಡಿ ಅವಳಿಗೆ ಹೆಮ್ಮೆಯಾಯಿತು; ಕುದುರೆ ತಿರುಗಿಸಿ ಮತ್ತೆ ಅಪ್ಪನ ಎಡಗಡೆಗೆ ಹೋದಳು.

ಆ ವಾರವೇ ಅತ್ತಿಗೆ ಆಫೀಸಿನ ಬೋರ್ಡಿನಲ್ಲಿ ಎರಡನ್ನು ಅಳಿಸಿ ನಾಲ್ಕು ಬರೆದಳು. ಬರೆದು, ಕೈಯ ಸೀಮೆಸುಣ್ಣ ಒರೆಸಿಕೊಂಡು, ನಾದಿನಿಯನ್ನು ಸುಮ್ಮನೆ ತಬ್ಬಿಕೊಂಡಳು. ಬಹಳ ದೂರದ ಒಂದು ದೊಡ್ಡ ತಂಡದಿಂದ ಅವನಿಗೆ ಕರೆ ಬಂತು. ಅವರಾಡುವ ಕಪ್ಪುಗಳಿಗೆ ಈ ಮನೆಯವರು ಹೋಗುವುದಿಲ್ಲ. ಎದುರಾಳಿಗಳಾಗಿಯಾದರೂ ಭುಜ ತಾಗುವ ಆಸೆಯೂ ಅಲ್ಲಿಗೆ ಮುಗಿಯಿತು.

ಕ್ಯಾಪ್ಟನ್ ಮಗಳನ್ನು ಲಾಯಕ್ಕೆ ಕರೆದರು. ಒಂದು ಕುದುರೆಯ ಕತ್ತು ಸವರುತ್ತ ನಿಂತರು.

“ನನ್ನ ಎಡಗಡೆ ಖಾಲಿಯಾಯ್ತಲ್ಲ ಆವತ್ತು, ಆಗಲೇ ಗೊತ್ತಾಯ್ತು ಮಗಳೇ.”

“ತಪ್ಪಾಯ್ತು ಅಪ್ಪಾ.”

“ತಪ್ಪಲ್ಲ. ಹೋಗೋದಾದ್ರೆ ಹೋಗು. ನಾನು ಬೇಡ ಅನ್ನಲ್ಲ.”

“ನೀವು ಆಡೋದು ಬಿಡ್ತೀರಾ?”

ಅವರು ಕುದುರೆಯ ಕತ್ತು ಸವರುತ್ತಲೇ ಇದ್ದರು. ಆಡುವುದನ್ನು ಬಿಟ್ಟರೆ ಅಪ್ಪನಲ್ಲಿ ಏನು ಉಳಿಯುತ್ತದೆ ಎಂಬುದು ಅವಳಿಗೆ ಗೊತ್ತಿತ್ತು. ಹೊಸಬನಿಗೆ ಬೇಡ ಎಂದ ಬೇಲಿಯ ಬಳಿ ಅಪ್ಪನನ್ನು ಹೇಗೆ ನಿಲ್ಲಿಸುವುದು?

ಹೊರಡುವ ಹಿಂದಿನ ಸಂಜೆ ಜೀನುಗಳ ಕೋಣೆಯಲ್ಲಿ ಅವನ ಜೀನಿನ ಜಾಗ ಖಾಲಿಯಾಗಿತ್ತು. ಅವನು ಕೈ ಮುಂದೆ ಚಾಚಿದ. “ಕೊನೇ ಸಲ ಕಟ್ಟು,” ಎಂದ. ಮೂರು ಸೀಸನ್ನಿನಲ್ಲಿ ಮೊದಲ ಬಾರಿಗೆ ಅವಳನ್ನು ಏಕವಚನದಲ್ಲಿ ಕರೆದಿದ್ದ.

“ನೋವೆಲ್ಲಿ?” ಎಂದು ಅವಳು ಕೇಳಿದಳು.

“ನೀನು ಬಾ. ನನ್ನ ಜೊತೆ ಬಂದುಬಿಡು.”

ಅವಳು ಅಪ್ಪನ ಕಣ್ಣಿನ ವಿಷಯ ಹೇಳಿದಳು. ಯಾರಿಗೂ ಹೇಳದ್ದನ್ನು ಅವನೊಬ್ಬನಿಗೆ ಹೇಳಿದಳು. ಅವನು ಚಾಚಿದ್ದ ಕೈಯನ್ನು ನಿಧಾನವಾಗಿ ಇಳಿಸಿದ.

“ಹಾಗಾದ್ರೆ ನಿನ್ನದು ಯಾವತ್ತೂ ಸೊನ್ನೆನೇ,” ಎಂದ.

“ಪಕ್ಕದಲ್ಲಿ ಎರಡು ಇಲ್ದೇ ಇದ್ರೆ, ಹೌದು,” ಎಂದಳು ಅವಳು. “ನೀನಂದ್ರೆ ನನಗೆ ಪ್ರಾಣ. ಅದಕ್ಕೇ ಕೂಗಿದೆ.” ಅವನು ಅವಳ ಅಂಗೈಯನ್ನು ತನ್ನ ಮುಖಕ್ಕೆ ಒತ್ತಿಕೊಂಡ. ಬ್ಯಾಂಡೇಜು ಸುರುಳಿ ಬಿಚ್ಚಿಕೊಂಡು ನೆಲದ ಮೇಲೆ ಉರುಳಿಹೋಯಿತು.

ಬೆಳಿಗ್ಗೆ ಅವಳು ಎಂದಿನಂತೆ ಗೂಡಿನಲ್ಲಿದ್ದಳು. ಮರದ ಕುದುರೆಯ ಮೇಲೆ ಹಲ್ಲಿನ ಡಾಕ್ಟರಮ್ಮ.

“ಹೊಡೆದ ಮೇಲೂ ತಲೆ ಎತ್ತಬೇಡಿ ಡಾಕ್ಟ್ರೇ. ಚೆಂಡಿದ್ದ ಜಾಗವನ್ನೇ ನೋಡ್ತಿರಿ.”

“ಎಲ್ಲಿಗೆ ಹೋಯ್ತು ಅಂತ ನೋಡೋದು ಬೇಡ್ವಾ?”

“ಬೇಡ. ಸರಿಯಾಗಿ ಹೊಡೆದಿದ್ರೆ ಹೋಗಬೇಕಾದ ಕಡೆಗೇ ಹೋಗಿರುತ್ತೆ.”

ಮನೆಯ ಮುಂದೆ ಜೀಪು ಸ್ಟಾರ್ಟ್ ಆಯಿತು. ಅವಳು ನೆಲದ ಮೇಲೆ ಚೆಂಡಿದ್ದ ಜಾಗವನ್ನೇ ನೋಡುತ್ತ ನಿಂತಳು. ಜೀಪು ಲಾಯ ದಾಟಿತು, ಮೈದಾನದ ಪಕ್ಕದ ದಾರಿಗಿಳಿಯಿತು, ಗೇಟಿನ ಬಳಿ ಒಂದು ಗಳಿಗೆ ನಿಂತಂತೆ ಕೇಳಿಸಿತು. ಅವಳು ಬಲೆಯನ್ನು ಬೆರಳು ಕೆಂಪಾಗುವಷ್ಟು ಬಿಗಿಯಾಗಿ ಹಿಡಿದುಕೊಂಡಳು. ಆಮೇಲೆ ಸದ್ದು ಮುಂದೆ ಹೋಯಿತು.

ಅವಳು ತಲೆ ಎತ್ತಿದಳು. ಗೇಟು ತೆರೆದಿತ್ತು, ರಸ್ತೆ ಖಾಲಿಯಿತ್ತು.

“ಟೀಚರ್, ನೀವೇ ತಲೆ ಎತ್ತಿಬಿಟ್ರಲ್ಲಾ!” ಎಂದು ಡಾಕ್ಟರಮ್ಮ ಮೇಲಿಂದ ನಕ್ಕರು.

“ಹೌದು,” ಎಂದಳು ಅವಳು. “ತಪ್ಪಿಹೋಯ್ತು.” ಬಲೆಗೆ ಬಡಿದ ಚೆಂಡು ಇಳಿಜಾರಿನಲ್ಲಿ ಉರುಳಿಕೊಂಡು ವಾಪಸು ಬರುತ್ತಿತ್ತು.