ಕಟ್ ಅಂದ ಮೇಲೂ ಅತ್ತವಳು

ಸ್ಟೀಲ್ ತಟ್ಟೆ ಗೋಡೆಗೆ ಬಡಿದು ಅವಳ ಪಾದದ ಮೇಲೆ ಬಿತ್ತು.

"ಅಯ್ಯೋ! ಪೆಟ್ಟಾಯ್ತಾ?"

ತಟ್ಟೆ ಎಸೆದ ಗಂಡನೇ ಓಡಿಬಂದು ಹೆಂಡತಿಯ ಕಾಲು ಹಿಡಿದುಕೊಂಡ!

"ಕಟ್!" ಡೈರೆಕ್ಟರ್ ತಲೆ ಚಚ್ಚಿಕೊಂಡರು. "ಏನಪ್ಪಾ, ಸಿಟ್ಟಲ್ಲಿರೋ ಗಂಡನಾ ನೀನು?"

ಅವನು ಗಂಡನೂ ಅಲ್ಲ, ನಟನೂ ಅಲ್ಲ. ಬಟ್ಟೆ ಕಾರ್ಖಾನೆಯಲ್ಲಿ ಇಸ್ತ್ರಿ ಮಾಡುವವನು. ಅವಳು ಅದೇ ಕಾರ್ಖಾನೆಯ ಮೇಲಿನ ಮಹಡಿಯಲ್ಲಿ ಕಾಲರ್ ಹೊಲಿಯುವವಳು. ಕಾರ್ಮಿಕರ ಬದುಕಿನ ಸಿನಿಮಾಕ್ಕೆ ಕಾರ್ಮಿಕರೇ ಬೇಕು ಎಂದು ಡೈರೆಕ್ಟರ್ ಹಟ ಹಿಡಿದಿದ್ದರು. ಇಬ್ಬರೂ ಒಬ್ಬರನ್ನೊಬ್ಬರು ನೋಡಿದ್ದು ಅಂದೇ ಮೊದಲು.

ಪೆಟ್ಟಾಯ್ತಾ ಎಂದು ಅವಳನ್ನು ಈವರೆಗೆ ಯಾರು ಕೇಳಿದ್ದರು? ಅವಳ ಮನಸ್ಸು ಅಲ್ಲೇ ಜಾರಿತು.

ಮರುದಿನದಿಂದ ಅವನು ಮಾತೇ ಬಿಟ್ಟ.

ಕ್ಯಾಮೆರಾ ಮುಂದೆ ಬೈಗುಳ. ಕ್ಯಾಮೆರಾ ನಿಂತರೆ ಮೌನ. ಟೀ ಕೊಡಲು ಹೋದರೆ ಎದ್ದೇ ಹೋದ!

'ನಾನೇನು ತಪ್ಪು ಮಾಡಿದೆ? ನನ್ನನ್ನು ಕಂಡರೇ ಆಗುವುದಿಲ್ಲವಾ...?'

ಕೊನೆಯ ದೃಶ್ಯದಲ್ಲಿ ಅಳು ಎಂದು ಯಾರೂ ಹೇಳಬೇಕಾಗಲಿಲ್ಲ. ಕಟ್ ಅಂದ ಮೇಲೂ ಅವಳು ಅಳುತ್ತಲೇ ಇದ್ದಳು.

ಅಂದು ಸಂಜೆಯೇ ಅಕ್ಕ ತಂದಿದ್ದ ಸಂಬಂಧಕ್ಕೆ ಹೂಂ ಅಂದುಬಿಟ್ಟಳು. ಹೆಂಡತಿ ತೀರಿಕೊಂಡಿದ್ದ ಲಾರಿ ಮಾಲೀಕ. ಯಾರಾದರೇನು ಎನಿಸಿಬಿಟ್ಟಿತ್ತು.

ಮರುದಿನ ಕಾರ್ಖಾನೆಯಲ್ಲಿ ಅವನು ನಗುತ್ತಾ ಅವಳ ಹೊಲಿಗೆ ಮಷಿನ್ ಹತ್ತಿರ ಬಂದ.

"ಅಬ್ಬಾ, ಶೂಟಿಂಗ್ ಮುಗೀತು! ಇನ್ನು ಮಾತಾಡ್ಬಹುದು."

"ಏನು?"

"ಹೊರಗೆ ಸಲಿಗೆ ಇದ್ರೆ ಜಗಳದ ಸೀನು ಕೆಡುತ್ತೆ, ಮುಗಿಯೋವರೆಗೂ ಮಾತಾಡ್ಬೇಡಿ ಅಂದಿದ್ರಲ್ಲ ಡೈರೆಕ್ಟರ್... ನಿಮಗೂ ಹೇಳಿರ್ತಾರೆ ಅಂದ್ಕೊಂಡೆ. ಟೀ ತಂದಾಗ, ಪಾಪ ಮರೆತಿದ್ದಾರೆ ಅಂತ ಎದ್ದು ಹೋದೆ."

ಅವಳ ಮಷಿನ್ ನಿಂತಿತು.

"ನಾನು ಅತ್ತಿದ್ದು?"

"ಎಷ್ಟು ಚೆನ್ನಾಗಿ ಆಕ್ಟ್ ಮಾಡ್ತಾರೆ ಅಂದ್ಕೊಂಡೆ..."

"ಆಕ್ಟಿಂಗ್ ನಂಗೆಲ್ಲಿ ಬರುತ್ತೆ!" ಅವಳು ಮತ್ತೆ ಅತ್ತೇಬಿಟ್ಟಳು. "ಭಾನುವಾರ ಗಂಡಿನ ಕಡೆಯವರು ಬರ್ತಿದ್ದಾರೆ. ನಿಮ್ಮ ಮೇಲಿನ ಸಿಟ್ಟಿಗೆ ಒಪ್ಕೊಂಡುಬಿಟ್ಟೆ."

ಅವನ ನಗು ಇಳಿದುಹೋಯಿತು. ಹೊಲಿಯದ ಕಾಲರ್‌ಗಳ ರಾಶಿಯ ಪಕ್ಕದಲ್ಲೇ ಕುಸಿದು ಕುಳಿತ.

"ನಂದು ಒಂದೇ ರೂಮು. ಕಿಟಕಿ ತೆಗೆದ್ರೆ ಪಕ್ಕದ ಮನೆ ಗೋಡೆ. ಬನ್ನಿ ಅನ್ನೋಕೆ ಬಾಯೇ ಬರ್ತಿಲ್ಲ. ಆದ್ರೂ ಕೇಳ್ತೀನಿ... ಬರ್ತೀರಾ?"

"ಅಕ್ಕಂಗೆ ಏನು ಹೇಳ್ಲಿ?"

"ನಾನೇ ಬರ್ತೀನಿ. ಇವತ್ತೇ."

"ಬಾಗಿಲಲ್ಲೇ ನಿಲ್ಲಿಸಿ ಬೈತಾಳೆ."

"ಬೈಸ್ಕೋತೀನಿ."

"ಬಾಯಿ ಮುಚ್ಕೊಂಡು ನಿಂತುಬಿಡ್ಬೇಡಿ ಮತ್ತೆ. ನಿಮ್ಮ ತಂಗಿ ನಂಗೆ ಬೇಕು ಅಂತ ಹೇಳ್ಬೇಕು..."

"ನಂಗೆ ನೀವು ಬೇಕು."

"ನಂಗಲ್ಲ," ಅಂದಳು ಅವಳು, ಅಳುತ್ತಲೇ. "ಅಕ್ಕಂಗೆ ಹೇಳಿ."