ಗುಬ್ಬಿ ಹೆಸರಿನ ಖಾಲಿ ಪ್ಯಾಕೇಜ್

"ಅದನ್ನ ತೆಗೀಬೇಡಿ!"

ಎಂಟು ವರ್ಷಗಳ ನಂತರ ಅವನ ಬಾಯಿಂದ ಬಂದ ಮೊದಲ ಮಾತು. ಕೀಲಿಮಣೆಯ ಮೇಲೆ ಅವಳ ಬೆರಳು ನಿಂತೇಬಿಟ್ಟಿತು. 

"ಬಹುವಚನ ಯಾವಾಗಿಂದ?" ಎಂದಳು, ತಿರುಗದೆ.

ತಂತ್ರಾಂಶ ಭಂಡಾರದಲ್ಲಿ ಬೇಡವಾದ ಪ್ಯಾಕೇಜ್‌ಗಳನ್ನು, ಅಂದರೆ ತಂತ್ರಾಂಶದ ಕಟ್ಟುಗಳನ್ನು, ತೆಗೆಯಲು ಅವಳನ್ನು ಹಳೆಯ ಕಚೇರಿಗೇ ಕರೆಸಿದ್ದರು. ಪಟ್ಟಿಯಲ್ಲಿ, ಒಳಗೆ ಏನೂ ಉಳಿಯದೆ ಖಾಲಿಯಾಗಿದ್ದ 'ಗುಬ್ಬಿ'ಯೂ ಇತ್ತು. ಮನೆಯಲ್ಲಿ ಅವಳನ್ನು ಕರೆಯುತ್ತಿದ್ದ ಹೆಸರು!

ಒಂದು ಕಾಲಕ್ಕೆ ಕಣ್ಣು ಕಾಣದ ಮಕ್ಕಳಿಗೆ ಪಾಠ ಓದಿ ಹೇಳುತ್ತಿದ್ದ ತಂತ್ರಾಂಶ ಅದು. ಇದೇ ಕಚೇರಿಯಲ್ಲಿ ಅವಳೂ ಅವನೂ ಸೇರಿ ಬರೆದದ್ದು, ದನಿ ಅವಳದು. ದನಿ ಮುದ್ರಿಸುವಾಗ ಸದ್ದಾಗಬಾರದೆಂದು ಫ್ಯಾನ್ ಆರಿಸಿ, ಉಗ್ರಾಣದ ಕೋಣೆಯಲ್ಲಿ ಬೆವರುತ್ತ ಕೂರುತ್ತಿದ್ದರು. ಅವಳು ಗಂಭೀರವಾಗಿ 'ಕಪ್ಪೆ' ಎನ್ನುವುದು, ಅವನು ಕಿಸಕ್ಕನೆ ನಗುವುದು, ಮತ್ತೆ ಮೊದಲಿಂದ... ಎಂಥ ದಿನಗಳವು!

ಒಂದು ಬೆಳಗ್ಗೆ ನೋಡಿದರೆ ಹೆಸರೇ ಬದಲಾಗಿತ್ತು. 'ಓದುಗಣ್ಣು'! ಅವಳನ್ನು ಅವನು ಒಂದು ಮಾತೂ ಕೇಳಿರಲಿಲ್ಲ. 'ನನ್ನನ್ನೇ ಅಳಿಸಿಬಿಟ್ಟ' ಎಂದುಕೊಂಡು ಕೆಲಸ ಬಿಟ್ಟಿದ್ದಳು.

"ಹೆಸರು ಬದಲಾಯಿಸಿದ್ದು ನೀನೇ. ಈಗೇನು ಸಂಕಟ?"

"ಮೇಲಿನವ್ರು ನಮ್ದನ್ನ ಇನ್ನೊಂದು ತಂಡದ ತಂತ್ರಾಂಶದ ಜೊತೆ ಸೇರಿಸಿದ್ರು. ಅವರ ಹೆಸರೇ ಇರ್ಬೇಕು ಅಂದ್ರು. ಆವತ್ತೇ ಒಪ್ಪದಿದ್ರೆ ಕೆಲಸನೇ ನಿಲ್ತಿತ್ತು. ಹೇಳೋಕೆ ನಿಮ್ಮನೆಗೆ ಬಂದೆ. ನೀನು ಮಾತಾಡಲ್ಲ ಅಂತ ನಿಮ್ಮಣ್ಣ ಬಾಗಿಲಲ್ಲೇ ಹೇಳಿದ್ರು."

ಅಯ್ಯೋ... ಹಾಗೆ ಹೇಳಿಸಿದ್ದು ತಾನೇ!

"ಮತ್ತೆ ಈ ಖಾಲಿ ಪ್ಯಾಕೇಜ್?"

"ಹಳೇ ಹೆಸರಲ್ಲಿ ಹಾಕ್ಕೊಂಡಿದ್ದ ಶಾಲೆಗಳಿಗೆ. ಅಪ್‌ಡೇಟ್ ಮಾಡಿದ್ರೆ ಇದೇ ಹೊಸದನ್ನ ತರಿಸ್ಕೊಡುತ್ತೆ. ಯಾರೂ ಹಿಂದೆ ಉಳೀಬಾರ್ದಲ್ಲ."

"ಕಡೇ ಶಾಲೆ ಹೊಸದಕ್ಕೆ ಬಂದು ಐದು ವರ್ಷ ಆಯ್ತು. ಬರೋ ಮುಂಚೆನೇ ವಿಚಾರಿಸಿದೀನಿ."

ಅವಳು ಪ್ಯಾಕೇಜ್‌ನ ಬದಲಾವಣೆಗಳ ಕಡತ ತೆರೆದಳು. ಪ್ರತಿ ಆವೃತ್ತಿಯಲ್ಲೂ ಒಂದೇ ಸಾಲು: 'ಇನ್ನೂ ಬೇಕಾಗಿದೆ, ಇರಲಿ.' ಪ್ರತಿ ಸಾಲಿನ ಕೆಳಗೂ ಅವನದೇ ಹೆಸರು.

"ಯಾರಿಗೆ ಬೇಕಾಗಿತ್ತು?" ಅವಳ ದನಿ ಕೇಳಿಸಿತೋ ಇಲ್ಲವೋ.

"ನನಗೆ."

ಅವಳು ಕಣ್ಣೊರೆಸಿಕೊಂಡು ಪಕ್ಕದ ಕುರ್ಚಿ ಎಳೆದಳು.

"ಕೂತ್ಕೋ. ಅವತ್ತು ನಿನ್ನ ಜೊತೆ ಮಾತಾಡದೇ ಇದ್ದದ್ದು ನನ್ನ ತಪ್ಪು. ಆದ್ರೆ ಇದನ್ನ ತೆಗೆದುಹಾಕ್ತೀನಿ."

"ಆಮೇಲೆ?"

"ನಾನಿರ್ತೀನಲ್ಲ... ಸಾಲದಾ?"

ಅವನು ಆ ಕುರ್ಚಿಯಲ್ಲಿ ಕೂತ. "ಮತ್ತೆ ಹೇಳದೆ ಹೋಗಲ್ಲ ತಾನೇ?"

"ಜಗಳ ಆಡಬೇಕಂದ್ರೂ ಇಲ್ಲೇ ಕೂತು ಆಡ್ತೀನಿ!" ಎಂದು ಅವಳು ಅವನ ಕೈ ಹಿಡಿದುಕೊಂಡಳು.